ನಿಮಗಿದು ಗೊತ್ತೇ? ರಂಗದಿಂದ ತೆರೆಗೆ

ಷೇಕ್ಸ್‌ಪಿಯರ್ ಮೊದಲು ತೆರೆಗೆ ಬಂದದ್ದು ಮಾತೇ ಇಲ್ಲದೆ! 1899ರಲ್ಲಿ ಲಂಡನ್ನಿನ ನಟ ಹರ್ಬರ್ಟ್ ಬೀರ್‌ಬೋಮ್ ಟ್ರೀ ‘ಕಿಂಗ್ ಜಾನ್’ ನಾಟಕದ ದೃಶ್ಯಗಳನ್ನು ಮೂಕಿಚಿತ್ರಕ್ಕೆ ಅಭಿನಯಿಸಿದರು. ವಿಷವೇರಿ ನರಳುವ ರಾಜನ ತುಣುಕು ಇಂದಿಗೂ ಉಳಿದಿದೆ.

1921ರ ಜರ್ಮನ್ ಮೂಕಿಚಿತ್ರದಲ್ಲಿ ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್ ಹೆಣ್ಣು! ಗಂಡುಡುಗೆಯಲ್ಲಿ ಬೆಳೆದ ಆ ರಾಜಕುಮಾರಿಯ ಪಾತ್ರ ಮಾಡಿದವರು ಡೆನ್ಮಾರ್ಕಿನವರೇ ಆದ ಆಸ್ತಾ ನೀಲ್ಸನ್.

ಅಕಿರಾ ಕುರೊಸಾವಾ 1957ರಲ್ಲಿ ‘ಮ್ಯಾಕ್‌ಬೆತ್’ ಕಥೆಯನ್ನು ಸಮುರಾಯ್‌ಗಳ ಜಪಾನಿಗೆ ಒಯ್ದು ‘ಥ್ರೋನ್ ಆಫ್ ಬ್ಲಡ್’ ಮಾಡಿದರು. ಷೇಕ್ಸ್‌ಪಿಯರನ ಮಾತುಗಳನ್ನೇ ಬಿಟ್ಟುಬಿಟ್ಟರು. ನಾಯಕಿಯ ಮುಖಕ್ಕೆ ಅಲ್ಲಿನ ಸಾಂಪ್ರದಾಯಿಕ ನೋ ರಂಗಭೂಮಿಯ ಮುಖವಾಡದ ಕಳೆ ಕೊಟ್ಟರು; ಆಕೆ ಕತ್ತಲೊಳಗೆ ನಡೆದುಹೋಗುವಾಗ ರೇಷ್ಮೆಯ ಸರಸರ ಸದ್ದೊಂದೇ ಕೇಳುತ್ತದೆ. ನಾಟಕದಲ್ಲಿ ಮ್ಯಾಕ್‌ಬೆತ್‌ನನ್ನು ಕೊಲ್ಲುವವನು ಮ್ಯಾಕ್‌ಡಫ್. ಇಲ್ಲಿ ನಾಯಕನ ಸ್ವಂತ ಸೈನಿಕರೇ ಅವನ ಮೇಲೆ ಬಾಣದ ಮಳೆಗರೆಯುತ್ತಾರೆ. ಚಿತ್ರೀಕರಣಕ್ಕೆ ನುರಿತ ಬಿಲ್ಲುಗಾರರು ನಿಜವಾದ ಬಾಣಗಳನ್ನೇ ಬಿಟ್ಟರು. ನಾಯಕನಾದ ತೊಶಿರೊ ಮಿಫುನೆ ಮುಖದಲ್ಲಿ ಕಾಣುವ ಭಯ ಬರೀ ನಟನೆಯಲ್ಲ!

ಅದೇ ನಾಟಕದ ಮೂವರು ಮಾಟಗಾತಿಯರು ವಿಶಾಲ್ ಭಾರದ್ವಾಜರ ‘ಮಕ್ಬೂಲ್’ನಲ್ಲಿ (2003) ಕುಂಡಲಿ ಬರೆದು ಭವಿಷ್ಯ ನುಡಿಯುವ ಇಬ್ಬರು ಪೊಲೀಸರಾದರು: ಓಂ ಪುರಿ, ನಾಸಿರುದ್ದೀನ್ ಶಾ.

ಕಿಂಗ್ ಲಿಯರ್‌ಗೆ ಮೂವರು ಹೆಣ್ಣುಮಕ್ಕಳು. ಕುರೊಸಾವಾರ ‘ರಾನ್’ನಲ್ಲಿ (1985) ಮೂವರೂ ಗಂಡುಮಕ್ಕಳು.

‘ಹ್ಯಾಮ್ಲೆಟ್’ನ ಸಣ್ಣ ಪಾತ್ರಗಳಾದ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಇಬ್ಬರನ್ನೂ ಲಾರೆನ್ಸ್ ಒಲಿವಿಯರ್ ತಮ್ಮ 1948ರ ಚಿತ್ರದಿಂದ ಕೈಬಿಟ್ಟರು. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಟಾಮ್ ಸ್ಟಾಪರ್ಡ್ ಅದೇ ಇಬ್ಬರನ್ನು ನಾಯಕರನ್ನಾಗಿಸಿ ನಾಟಕ ಬರೆದರು. 1990ರಲ್ಲಿ ತಾವೇ ಅದನ್ನು ಸಿನಿಮಾ ಮಾಡಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಗೆದ್ದರು. ಬಿಟ್ಟ ಪಾತ್ರಗಳಿಗೆ ಇದಕ್ಕಿಂತ ಒಳ್ಳೆಯ ನ್ಯಾಯ ಸಿಕ್ಕದ್ದು ಕಾಣೆ.

ನಮ್ಮ ‘ಬೇಡರ ಕಣ್ಣಪ್ಪ’ವೂ ರಂಗದ ಮೇಲೆ ಜನ ಮೆಚ್ಚಿದ ನಾಟಕವೇ. 1954ರಲ್ಲಿ ಸಿನಿಮಾ ಆಗಿ, ಗುಬ್ಬಿ ಕಂಪನಿಯ ಮುತ್ತುರಾಜರನ್ನು ರಾಜ್‌ಕುಮಾರ್ ಮಾಡಿತು. ಅದರ ತೆಲುಗು ಅವತರಣಿಕೆ ‘ಕಾಳಹಸ್ತಿ ಮಹಾತ್ಮ್ಯಂ’ ರಾಜ್ ನಟಿಸಿದ ಏಕೈಕ ತೆಲುಗು ಚಿತ್ರ. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿ ಶಿವರಾಜ್‌ಕುಮಾರ್ ಕಣ್ಣಪ್ಪ, ಪುನೀತ್ ಬಾಲಕ ಕಣ್ಣಪ್ಪ, ಅಂದಿನ ಕಣ್ಣಪ್ಪ ರಾಜ್‌ಕುಮಾರ್ ಇಲ್ಲಿ ಶಿವ!

ಇವುಗಳಲ್ಲಿ ಒಂದನ್ನೇ ನೋಡುವುದಾದರೆ ‘ಥ್ರೋನ್ ಆಫ್ ಬ್ಲಡ್’ ನೋಡಿ. ಅದಕ್ಕೂ ಮೊದಲು ಡಿ.ವಿ.ಜಿ. ಅನುವಾದಿಸಿದ ‘ಮ್ಯಾಕ್‌ಬೆತ್’ ಓದಿಕೊಳ್ಳಿ.