ಸವೆಯೋದಕ್ಕೇ ಇರುವ ಹಲ್ಲು

ದಾನದ ಆಕಳ ಹಲ್ಲು ಎಣಿಸಬಾರದು ಅಂತಾರೆ. ದುಡ್ಡು ಕೊಟ್ಟು ಕೊಳ್ಳುವಾಗ ಮಾತ್ರ ಎಲ್ಲರೂ ಎಣಿಸ್ತಾರೆ, ಅಂಕೋಲಾ ತಾಲೂಕಿನ ಶೆಟಗೇರಿಯಾದರೂ ಅಷ್ಟೇ. ಕೆಳದವಡೆಯ ಮುಂದಿನ ಎಂಟು ಹಲ್ಲು ನೋಡಿ ವಯಸ್ಸು ಹೇಳಬಹುದು. (ಮೇಲೆ ಮುಂದುಗಡೆ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ!) ಆದರೆ ನಿಜವಾದ ಎಂಜಿನಿಯರಿಂಗ್ ಇರೋದು ಹಿಂದೆ, ದವಡೆ ಹಲ್ಲಿನಲ್ಲಿ.

ನಮ್ಮ ಹಲ್ಲಿನ ಎನಾಮೆಲ್ ಒಸಡಿನ ಹತ್ತಿರವೇ ಮುಗಿಯುತ್ತೆ. ಆಕಳ ದವಡೆ ಹಲ್ಲು ಹಾಗಲ್ಲ. ಅದು ಎತ್ತರದ ಕಂಬ, ಬಹುಪಾಲು ದವಡೆಯೊಳಗೇ ಅಡಗಿರುತ್ತೆ. ಮೇಲೆ ಸವೆದಂತೆ ಕೆಳಗಿಂದ ಮೇಲೇಳುತ್ತೆ. ನಾವು ಡ್ರಾಯಿಂಗ್‌ಗೆ ಬಳಸುವ ಕ್ಲಚ್ ಪೆನ್ಸಿಲ್‌ನ ಲೆಡ್ ಇದ್ದ ಹಾಗೆ. ಮೊಲದ ಹಲ್ಲು ಬದುಕಿರೋವರೆಗೂ ಬೆಳೆಯುತ್ತೆ. ಆಕಳದ್ದು ಒಂದೇ ಲೆಡ್, ರೀಫಿಲ್ ಇಲ್ಲ.

ಇಷ್ಟು ಸ್ಟಾಕ್ ಯಾಕೆ? ಪುಸ್ತಕದ ಉತ್ತರ: ಹುಲ್ಲಿನಲ್ಲಿ ಸಿಲಿಕಾ ಇದೆ. ಬತ್ತದ ಗಿಡವಂತೂ ಮಣ್ಣಿನಿಂದ ಸಿಲಿಕಾ ಹೀರೋದರಲ್ಲಿ ಎತ್ತಿದ ಕೈ. ಬತ್ತದ ಹೊಟ್ಟಿನ ಬೂದಿಯನ್ನು ಕಾಂಕ್ರೀಟಿಗೆ ಬೆರೆಸೋದು ಸಿವಿಲ್‌ನವರಿಗೆ ಗೊತ್ತೇ ಇದೆ. ಆದರೆ ಹುಲ್ಲಿನ ಸಿಲಿಕಾ ಎನಾಮೆಲ್ಲನ್ನು ಎಷ್ಟು ಗೀರುತ್ತೆ ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇದೆ. ಮೋಸ್ ಸ್ಕೇಲಿನಲ್ಲಿ ಎನಾಮೆಲ್ ಸುಮಾರು 5, ಮರಳಿನ ಕ್ವಾರ್ಟ್ಜ್ 7. ಕೊಯ್ಲಾದ ಗದ್ದೆಯಲ್ಲಿ ದನ ನೆಲಕ್ಕೆ ಬಾಯಿ ಹಚ್ಚಿ ಮೇಯುವಾಗ ಹುಲ್ಲಿನ ಜೊತೆ ಮರಳೂ ಹೋಗುತ್ತೆ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಹುಲ್ಲುಗಾವಲು ಹರಡುವ ಮೊದಲೇ ಪ್ರಾಣಿಗಳ ಹಲ್ಲು ಎತ್ತರವಾಗಿತ್ತು, ಅಲ್ಲಿ ಕಾರಣ ಜ್ವಾಲಾಮುಖಿಯ ಬೂದಿ ಇರಬಹುದು ಅಂತಾರೆ. ಉತ್ತರ ಅಮೆರಿಕದಲ್ಲೂ ಹುಲ್ಲು ಹರಡಿ ಎಷ್ಟೋ ಲಕ್ಷ ವರ್ಷಗಳ ನಂತರವೇ, ಸುಮಾರು 1.7 ಕೋಟಿ ವರ್ಷದ ಹಿಂದೆ, ಕುದುರೆಗಳಿಗೆ ಎತ್ತರದ ಹಲ್ಲು ಬಂತು. ನಮಗನಿಸೋದು, ಹುಲ್ಲಿಗಿಂತ ದೂಳೇ ದೊಡ್ಡ ವಿಲನ್.

ಘಟ್ಟದ ಕಾಡುಕುರಿಯನ್ನೇ ನೋಡಿ. ಅದು ಎಳೆ ಎಲೆ, ಬಿದ್ದ ಹಣ್ಣು ತಿನ್ನುತ್ತೆ, ಹಲ್ಲು ಗಿಡ್ಡ.

ಸವೆತದಿಂದ ಲಾಭವೂ ಉಂಟು. ಆಕಳ ಹಲ್ಲಿನಲ್ಲಿ ಎನಾಮೆಲ್ ಮಡಿಕೆ ಮಡಿಕೆಯಾಗಿ ಒಳಗಿಳಿದಿರುತ್ತೆ, ನಡುವೆ ಮೆತ್ತಗಿನ ಡೆಂಟಿನ್. ಮೆತ್ತಗಿನದು ಬೇಗ ಸವೆದು, ಎನಾಮೆಲ್ ಏಣಿನಂತೆ ನಿಲ್ಲುತ್ತೆ. ಬೀಸುಕಲ್ಲು ನುಣುಪಾದರೆ ಉಳಿಯಿಂದ ಮತ್ತೆ ಕಚ್ಚು ಹಾಕಿಸಬೇಕು. ಇಲ್ಲಿ ತಿನ್ನುತ್ತಾ ತಿನ್ನುತ್ತಾ ತಾನೇ ಹರಿತವಾಗುತ್ತೆ.

ಆ ಕಂಬ ಪೂರ್ತಿ ಸವೆದ ಮುದಿ ಆಕಳು ಹುಲ್ಲನ್ನು ನುರಿಸಲಾರದೆ, ಎದುರಿಗೆ ಮೇವಿದ್ದರೂ ಬಡಕಲಾಗುತ್ತೆ. ಅದಕ್ಕೆ ಒಣಹುಲ್ಲಿಗಿಂತ ಗಂಜಿ, ಅಕ್ಕಚ್ಚು, ನೆನೆಸಿದ ಹಿಂಡಿಯೇ ಗತಿ.