ದೂರದ ನಿಸ್ತಂತು ಸಂಪರ್ಕ: ಉಪಕರಣಕ್ಕಿಂತ ಮೊದಲು ದಾರಿಯ ಪರಿಶೀಲನೆ

ಪುಣೆ–ನಾಶಿಕ್ ಹೆದ್ದಾರಿಯ ಮೇಲಿರುವ ಭೋಸರಿಯು ಪಿಂಪ್ರಿ–ಚಿಂಚವಾಡ ಕೈಗಾರಿಕಾ ವಲಯದ ಒಂದು ಮುಖ್ಯ ಭಾಗ. ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರಗಳು ಇಲ್ಲಿ ಒತ್ತೊತ್ತಾಗಿವೆ. ಉತ್ತರದ ಚಾಕಣದಲ್ಲಿ ಮೋಟಾರು ವಾಹನ ಕಾರ್ಖಾನೆಗಳು ಬೆಳೆದಿವೆ. ಭೋಸರಿಯಲ್ಲೊಂದು, ಚಾಕಣದಲ್ಲೊಂದು ಘಟಕ ನಡೆಸುವ ಉದ್ಯಮಿಯು ಎರಡೂ ಕಡೆಯ ಗಣಕಗಳನ್ನು ಒಂದೇ ಜಾಲಕ್ಕೆ ಸೇರಿಸಬಯಸುವುದು ಸಹಜ. ಇವೆರಡರ ನಡುವಣ ನೇರ ದೂರ ಸುಮಾರು 15 ಕಿಲೋಮೀಟರ್. ಸ್ವಂತ ತಂತಿ ಎಳೆಯುವುದು ಸಣ್ಣ ಉದ್ಯಮಿಯ ಕೈಗೆಟುಕುವ ಮಾತಲ್ಲ. ಆದ್ದರಿಂದ ಎರಡು ಮಾಳಿಗೆಗಳ ಮೇಲೆ ಹೊರಾಂಗಣ ನಿಸ್ತಂತು ಉಪಕರಣಗಳನ್ನು ಎದುರುಬದುರಾಗಿ ನಿಲ್ಲಿಸುವ ಆಲೋಚನೆ ಬರುತ್ತದೆ.

ಅಂಗಡಿಯಲ್ಲಿ ಕೇಳಲಾಗುವ ಮೊದಲ ಪ್ರಶ್ನೆ, ಈ ಉಪಕರಣ ಎಷ್ಟು ದೂರ ತಲುಪುತ್ತದೆ ಎಂಬುದು. ಪೆಟ್ಟಿಗೆಯ ಮೇಲೆ ಮುದ್ರಿತವಾದ ದೂರವು ಅಡೆತಡೆಯಿಲ್ಲದ ಬಯಲಿಗೆ ಸಂಬಂಧಿಸಿದ್ದು. ಮೋಶಿಯನ್ನೂ ಇಂದ್ರಾಯಣಿ ನದಿಯನ್ನೂ ದಾಟುವ ಈ ದಾರಿಗೆ ಅದು ಅನ್ವಯಿಸಬೇಕೆಂದಿಲ್ಲ. ದೂರದರ್ಶಕದಲ್ಲಿ ಆಚೆಯ ಕಂಬ ಕಂಡರೂ ಸಾಲದು. ರೇಡಿಯೋ ಅಲೆಯು ದಾರದಂತೆ ಸಾಗುವುದಿಲ್ಲ. ನಡುವೆ ಉಬ್ಬಿದ ಕದಿರಿನ ಆಕಾರದಲ್ಲಿ ಹರಡಿಕೊಂಡು ಸಾಗುತ್ತದೆ. 15 ಕಿಲೋಮೀಟರ್ ದಾರಿಯ ನಟ್ಟನಡುವೆ ಈ ಉಬ್ಬಿನ ತ್ರಿಜ್ಯ 5.8 ಗಿಗಾಹರ್ಟ್ಸ್ ಆವರ್ತನದಲ್ಲಿ ಸುಮಾರು 14 ಮೀಟರ್, 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 22 ಮೀಟರ್. ಇದರಲ್ಲಿ ಶೇಕಡಾ 60 ಭಾಗವಾದರೂ ತೆರವಾಗಿರಬೇಕೆಂಬುದು ಎಂಜಿನಿಯರುಗಳ ರೂಢಿ. ಭೂಮಿಯ ದುಂಡುತನಕ್ಕಾಗಿ ಇನ್ನೂ 3 ಮೀಟರಿಗೂ ಹೆಚ್ಚು ಸೇರಿಸಬೇಕು. ಹೀಗೆ ನಡುದಾರಿಯ ಕಟ್ಟಡ ಮತ್ತು ಮರಗಳ ತುದಿಯಿಂದ ನೋಟದ ಗೆರೆಯು 5.8 ಗಿಗಾಹರ್ಟ್ಸ್‌ನಲ್ಲಿ 12 ಮೀಟರ್, 2.4 ಗಿಗಾಹರ್ಟ್ಸ್‌ನಲ್ಲಿ 16 ಮೀಟರ್ ಮೇಲಿರುವುದು ಅಗತ್ಯವಾಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದಾಗ ಅಳೆದ ದಾರಿಯು ಮಳೆಗಾಲದ ಒದ್ದೆ ಎಲೆಗಳಿಂದ ಮುಚ್ಚಿಹೋಗುವುದುಂಟು. ಹೊಸ ಬಹುಮಹಡಿ ಕಟ್ಟಡಗಳು ಏಳುವ ಮೋಶಿಯಂತಹ ಕಡೆ, ಇಂದು ತೆರೆದಿರುವ ದಾರಿ ಎರಡು ವರ್ಷಗಳ ಅನಂತರವೂ ತೆರೆದಿರುವುದೆಂದು ಭಾವಿಸುವುದು ಜಾಣತನವಲ್ಲ.

ಕಂಬವನ್ನು ಬೇಕಾದಷ್ಟು ಎತ್ತರಿಸಬಹುದಲ್ಲವೇ ಎಂದರೆ, ಕಾನೂನು ಅಡ್ಡ ಬರುತ್ತದೆ. ಭಾರತ ಸರ್ಕಾರವು 2005ರ ಜನವರಿಯ ಅಧಿಸೂಚನೆಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಆಂಟೆನಾ ಅಧಿಕೃತ ಕಟ್ಟಡದ ಮಾಳಿಗೆಯಿಂದ 5 ಮೀಟರಿಗಿಂತ ಮೇಲೆ ಹೋಗಬಾರದೆಂದೂ, ಪ್ರಸಾರಕದ ಶಕ್ತಿ 1 ವ್ಯಾಟ್ ಹಾಗೂ ಆಂಟೆನಾದ ಮೂಲಕ ಹೊಮ್ಮುವ ಪರಿಣಾಮಕ ಶಕ್ತಿ 4 ವ್ಯಾಟ್ ಮೀರಬಾರದೆಂದೂ ಅದು ವಿಧಿಸಿತು. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್‌ನ ಪಟ್ಟಿಗಳನ್ನು ಹೊರಾಂಗಣ ಬಳಕೆಗೆ ತೆರೆಯಲಾಯಿತು. ಅಲ್ಲಿಯ ಮಿತಿಗಳು ಪಟ್ಟಿಯಿಂದ ಪಟ್ಟಿಗೆ ಬೇರೆ. ಇದಲ್ಲದೆ ಭೋಸರಿಯು ಲೋಹಗಾಂವ್ ವಿಮಾನ ನಿಲ್ದಾಣದಿಂದ ಬಹುದೂರವಿಲ್ಲವಾದ್ದರಿಂದ ಎತ್ತರದ ಗೋಪುರಕ್ಕೆ ಪ್ರತ್ಯೇಕ ಅನುಮತಿ ಬೇಕಾಗಬಹುದು.

ಹೆಚ್ಚು ಶಕ್ತಿಯ ಪ್ರಸಾರಕ ಕೊಳ್ಳುವುದೇ ಪರಿಹಾರವೆಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. 24 ಡೆಸಿಬೆಲ್ ವರ್ಧನೆಯ ಜಾಲರಿ ಆಂಟೆನಾವು ಶಕ್ತಿಯನ್ನು ಒಂದೇ ದಿಕ್ಕಿಗೆ ಸುಮಾರು 250 ಪಟ್ಟು ಸಾಂದ್ರಗೊಳಿಸುತ್ತದೆ. ಇದಕ್ಕೆ 1 ವ್ಯಾಟ್ ಪ್ರಸಾರಕ ಜೋಡಿಸಿದರೆ ಪರಿಣಾಮಕ ಶಕ್ತಿ 250 ವ್ಯಾಟ್ ಆಗಿ, 2.4 ಗಿಗಾಹರ್ಟ್ಸ್‌ನ ಮಿತಿಯನ್ನು ಬಹಳವಾಗಿ ಮೀರುತ್ತದೆ. ಮಿತಿಯೊಳಗಿರಲು 16 ಮಿಲಿವ್ಯಾಟ್ ಸಾಕು! ಹಾಗಾದರೆ ದೊಡ್ಡ ಆಂಟೆನಾದಿಂದ ಏನು ಲಾಭ? ಲಾಭ ದೊರೆಯುವುದು ಸ್ವೀಕರಿಸುವ ತುದಿಯಲ್ಲಿ. ಗ್ರಹಿಸುವ ಆಂಟೆನಾದ ವರ್ಧನೆಯನ್ನು ಈ ಮಿತಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದೂರದ ಕ್ಷೀಣ ಸಂಕೇತವನ್ನು 250 ಪಟ್ಟು ಬಲವಾಗಿ ಗ್ರಹಿಸುವುದಲ್ಲದೆ, ಅಕ್ಕಪಕ್ಕದ ನೂರಾರು ಕಾರ್ಯಾಗಾರಗಳ ಗದ್ದಲಕ್ಕೆ ಬಹುಮಟ್ಟಿಗೆ ಕಿವುಡಾಗಿರುತ್ತದೆ. ಮುಕ್ತ ಪಟ್ಟಿಯಲ್ಲಿ ಯಾರಿಗೂ ರಕ್ಷಣೆಯಿಲ್ಲ. ನೆರೆಯವರ ಉಪಕರಣದಿಂದ ಅಡಚಣೆಯಾದರೆ ದೂರು ಕೊಡಲು ಬರುವುದಿಲ್ಲ. ಹೀಗಾಗಿ ಪ್ರಸಾರಕಕ್ಕಿಂತ ಆಂಟೆನಾಗಳಿಗೆ ಹಣ ಹಾಕುವುದೇ ಲೇಸು.

ಕಾಲದ ಪ್ರಶ್ನೆಯೂ ಒಂದಿದೆ. ಸಂಕೇತವು 15 ಕಿಲೋಮೀಟರ್ ಹೋಗಿಬರಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ ಬೇಕು. ಮನೆ, ಕಚೇರಿಗಳಿಗೆಂದು ರಚಿತವಾದ ವೈ-ಫೈ ಅಷ್ಟು ಕಾಲ ಉತ್ತರಕ್ಕೆ ಕಾಯುವುದಿಲ್ಲ; ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸಿ ವೇಗವನ್ನು ಹಾಳುಮಾಡುತ್ತದೆ. ಆದುದರಿಂದ ದೂರವನ್ನು ನಮೂದಿಸಲು ಅವಕಾಶವಿರುವ ಅಥವಾ ಎರಡೂ ತುದಿಗಳಿಗೆ ಸರದಿಯ ಮೇಲೆ ಸಮಯ ಹಂಚುವ ಉಪಕರಣವನ್ನೇ ಆರಿಸಬೇಕು. ಈ ಶತಮಾನದ ಮೊದಲ ದಶಕದಲ್ಲಿ ಕಾನ್ಪುರದ ಐಐಟಿಯ ಗಂಗಾ ಬಯಲಿನ ಪ್ರಯೋಗಗಳೂ, ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಗಾಗಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಜಾಲವೂ ಈ ತೊಡಕನ್ನು ಎದುರಿಸಿದವು. ಥೇಣಿಯಲ್ಲಿ ಗ್ರಾಮ ಕೇಂದ್ರಗಳ ರೋಗಿಗಳು ವೀಡಿಯೋ ಮೂಲಕ ವೈದ್ಯರೊಡನೆ ಮಾತನಾಡುವುದು ಸಾಧ್ಯವಾಯಿತು.

ಆ ಜಾಲದ ಅನುಭವ ಕಲಿಸಿದ ಇನ್ನೊಂದು ಸಂಗತಿಯೆಂದರೆ, ಉಪಕರಣಗಳನ್ನು ಹೆಚ್ಚಾಗಿ ಕೆಡಿಸಿದ್ದು ವಿದ್ಯುತ್ತಿನ ಏರುಪೇರು. ಭಾರೀ ಮೋಟಾರುಗಳೂ ವೆಲ್ಡಿಂಗ್ ಯಂತ್ರಗಳೂ ಒಂದೇ ಮಾರ್ಗದಲ್ಲಿ ನಡೆಯುವ ಭೋಸರಿಯಂತಹ ಕಡೆ ಇದನ್ನು ಮರೆಯಲಾಗದು. ಸ್ಥಿರ ವೋಲ್ಟೇಜು ಕೊಡುವ ಬ್ಯಾಟರಿ ಆಧಾರಿತ ಪೂರೈಕೆ, ಸಿಡಿಲು ನಿರೋಧಕ ಮತ್ತು ಭೂಸಂಪರ್ಕದ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸಬೇಕು. ಮಾಳಿಗೆಯಿಂದ ಇಳಿಯುವ ಜಾಲ ಕೇಬಲು 100 ಮೀಟರ್ ಮೀರಬಾರದು. ಬಿಸಿಲು ತಾಳುವ ಹೊರಾಂಗಣ ಹೊದಿಕೆಯುಳ್ಳದ್ದಾಗಿರಬೇಕು. ಕೇಬಲು ಪೆಟ್ಟಿಗೆಯನ್ನು ಸೇರುವ ಮುನ್ನ ಕೆಳಮುಖವಾಗಿ ಒಂದು ಬಳುಕು ಕೊಟ್ಟರೆ ಮಳೆನೀರು ಜೋಡಣೆಯೊಳಗೆ ಹರಿಯದೆ ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ.