ಸೊರಗಿದ ಮೋಟಾರು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಸುತ್ತಣ ಅನೇಕ ತೆಂಗಿನ ತೋಟಗಳಿಗೆ ಬೇಸಿಗೆಯಲ್ಲಿ ಕೊಳವೆಬಾವಿಯ ನೀರೇ ಆಧಾರ. ನೀರು ಸೊರಗಿದೊಡನೆ ರೈತನು ಮೋಟಾರನ್ನು ದೂರುತ್ತಾನೆ. ಹಣ ತೆತ್ತು ಅದನ್ನು ಮೇಲೆತ್ತಿಸುತ್ತಾನೆ. ಆದರೆ ದೋಷವು ಎಷ್ಟೋ ವೇಳೆ ಅದಕ್ಕೆ ಬರುವ ವಿದ್ಯುತ್ತಿನಲ್ಲಿರುತ್ತದೆ.

ಮೂರು ಫೇಸಿನ ಮೋಟಾರಿಗೆ 415 ವೋಲ್ಟ್ ಬೇಕು. ತಿರುಗಿಸುವ ಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜು 332ಕ್ಕೆ, ಎಂದರೆ ನೂರಕ್ಕೆ 80ಕ್ಕೆ ಇಳಿದರೆ, ಬಲವು ನೂರಕ್ಕೆ 64ಕ್ಕೆ ಕುಗ್ಗುತ್ತದೆ. ಹೊರೆಯನ್ನು ಎಳೆಯಲು ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆದು ಕಾಯುತ್ತದೆ; ಕ್ರಮೇಣ ಅದರ ಸುರುಳಿ ಸುಟ್ಟುಹೋಗುತ್ತದೆ. ಒಂದು ಫೇಸು ಇಲ್ಲದಿದ್ದರಂತೂ ಅದು ತಿರುಗದೆ ಬರಿದೆ ಗುಂಯ್‌ಗುಡುತ್ತದೆ.

ಆದ್ದರಿಂದ ಮೊದಲು ವೋಲ್ಟ್‌ಮೀಟರನ್ನು ನೋಡಬೇಕು. ಬಳಿಕ ಬಲ್ಲವರಿಂದ ತಂತಿಯ ಕೂಡಿಕೆಗಳನ್ನು ಪರೀಕ್ಷಿಸಬೇಕು. ಮೋಟಾರನ್ನು ಎತ್ತುವುದು ಕಡೆಯ ಕೆಲಸ. ದೋಷವು ಮೇಲೆಯೇ ಉಳಿದರೆ, ದುರಸ್ತಿಯಾದ ಮೋಟಾರೂ ಮತ್ತೆ ಸುಡುತ್ತದೆ. ತೋಟವು ಒಣಗುತ್ತಲೇ ಇರುತ್ತದೆ.